ಆರು ವಾರದ ಜಡೆ

ಇಷ್ಟುದ್ದ ಕೂದಲು ಇಟ್ಟುಕೊಂಡು ಟೆನಿಸ್ ಹೇಗೆ ಆಡುತ್ತೀರಿ ಎಂದು ನನ್ನನ್ನು ಕೇಳದವರಿಲ್ಲ. ಬಿಗಿಯಾಗಿ ಜಡೆ ಹಾಕಿ, ಸುತ್ತಿ, ಪಿನ್ನು ಚುಚ್ಚಿ, ಮೇಲೊಂದು ಟೋಪಿ ಹಾಕಿಕೊಂಡು ಆಡುತ್ತೇನೆ ಎನ್ನುತ್ತೇನೆ. ಅದಕ್ಕಿಂತ ಕತ್ತರಿಸುವುದು ಸುಲಭವಲ್ಲವೇ ಎನ್ನುತ್ತಾರೆ. ಸುಲಭವೇ. ಸುಲಭದ್ದು ಬೇಡ ಎಂದು ನಾನು ಹಟ ಹಿಡಿದದ್ದು ಇದೊಂದೇ ವಿಷಯದಲ್ಲಿ. ಉಳಿದೆಲ್ಲ ಕಡೆ ಸುಲಭದ ದಾರಿ ಯಾವುದು ಎಂದು ಹುಡುಕಿಕೊಂಡೇ ಬಂದವಳು ನಾನು. ಈಗ ಹೇಳಹೊರಟಿರುವುದೂ ಅದನ್ನೇ.

ಎಡಗೈಯಲ್ಲಿ ಆಡುವುದರಿಂದ ಆಟದ ಬಳಗದಲ್ಲಿ ನನಗೆ ಎಡಚಿ ಎಂದೇ ಹೆಸರು. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಒಂದು ಸಾಧಾರಣ ಪಂದ್ಯದಲ್ಲಿ, ಒಂದು ಸಾಧಾರಣ ಚೆಂಡಿಗೆ ಕೈ ಬೀಸಿದಾಗ ಆ ಎಡಗೈಯ ಮಣಿಕಟ್ಟು ಚಟಕ್ ಎಂದಿತು. ಒಳಗೆ ಸ್ನಾಯು ಹರಿದಿತ್ತು, ಆಪರೇಷನ್ ಆಯಿತು. ಆ ವಾರ ನನ್ನ ರ‍್ಯಾಂಕಿಂಗ್ ನೂರ ಮೂವತ್ತೊಂದು. ಅದೇನು ಮಹಾ ಎನ್ನಬೇಡಿ. ಏಳನೇ ವಯಸ್ಸಿನಿಂದ ಬೆವರು ಸುರಿಸಿ ಹತ್ತಿದ ಮೆಟ್ಟಿಲು ಅದು.

ನಮ್ಮ ಆಟದ ರ‍್ಯಾಂಕಿಂಗಿಗೆ ಕರುಣೆ ಕಡಿಮೆ. ಹಿಂದಿನ ಒಂದು ವರ್ಷದಲ್ಲಿ ಗೆದ್ದ ಪಂದ್ಯಗಳ ಅಂಕ ಮಾತ್ರ ನಿಮ್ಮದು. ಹಾಸಿಗೆ ಹಿಡಿದರೆ ವಾರವಾರವೂ ಹಳೆಯ ಅಂಕ ಉದುರುತ್ತ ಹೋಗುತ್ತದೆ, ಹೊಸದು ಸೇರುವುದಿಲ್ಲ. ಗಾಯ ವಾಸಿಯಾಗಿ ಎದ್ದು ಬರುವಷ್ಟರಲ್ಲಿ ನಿಮ್ಮ ಹೆಸರು ಐನೂರರ ಆಚೆ ಎಲ್ಲೋ ಬಿದ್ದಿರುತ್ತದೆ. ಅದಕ್ಕೆಂದೇ ಒಂದು ನಿಯಮ ಮಾಡಿದ್ದಾರೆ, ಮಾಡಿದವರ ಹೊಟ್ಟೆ ತಣ್ಣಗಿರಲಿ. ಗಾಯದಿಂದ ಆರು ತಿಂಗಳು ಆಟದಿಂದ ದೂರವಿದ್ದವರಿಗೆ ಅವರ ಹಳೆಯ ಸ್ಥಾನವನ್ನು ಕಾದಿಡುತ್ತಾರೆ. ಮರಳಿ ಬಂದ ಮೇಲೆ ಒಂಬತ್ತು ಟೂರ್ನಿಗಳಿಗೆ ಆ ಹಳೆಯ ಸ್ಥಾನ ತೋರಿಸಿ ಒಳಗೆ ಹೋಗಬಹುದು. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಕೆಳಗಿಳಿದು ಬಂದ ಹಾಗೆ. ನೋವು ನುಂಗಿಕೊಂಡು, ಅವಸರಪಟ್ಟು ಓಡಿ ಬಂದು ಮತ್ತೆ ಕೈಕಾಲು ಮುರಿದುಕೊಳ್ಳಬೇಡಿ ಎನ್ನುವುದು ಅದರ ಉದ್ದೇಶ.

ಷರತ್ತು ಮಾತ್ರ ಕಟ್ಟುನಿಟ್ಟು. ಆರು ತಿಂಗಳಿಗೆ ಒಂದು ದಿನ ಕಡಿಮೆಯಾದರೂ ಇಲ್ಲ. ಆ ಅವಧಿಯಲ್ಲಿ ಸಿಂಗಲ್ಸ್, ಡಬಲ್ಸ್ ಯಾವುದನ್ನೂ ಆಡುವಂತಿಲ್ಲ. ಆಡಲು ಆಗುತ್ತಿರಲಿಲ್ಲ ಎನ್ನುವುದಕ್ಕೆ ಡಾಕ್ಟರ ಚೀಟಿ ಬೇಕು.

ನನ್ನ ಕೈ ನಾಲ್ಕೂವರೆ ತಿಂಗಳಿಗೇ ವಾಸಿಯಾಯಿತು.

ಅದು ಗೊತ್ತಾದದ್ದು ಬಚ್ಚಲಲ್ಲಿ. ಒದ್ದೆ ಟವೆಲ್ಲನ್ನು ಯೋಚನೆಯಿಲ್ಲದೆ ಎರಡೂ ಕೈಯಲ್ಲಿ ಹಿಡಿದು ತಿರುಚಿ ಹಿಂಡಿಬಿಟ್ಟಿದ್ದೆ. ನೀರೆಲ್ಲ ಸುರಿದು ಹೋದ ಮೇಲೆ ನೆನಪಾಯಿತು, ನೋವಾಗಬೇಕಿತ್ತಲ್ಲ ಎಂದು. ಆಗಿರಲಿಲ್ಲ. ಮತ್ತೆ ನೆನೆಸಿ ಮತ್ತೆ ಹಿಂಡಿದೆ. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ, ಐದಕ್ಕೆಲ್ಲ ಮನೆ ಬಿಡುತ್ತಾಳೆ. ಅವಳಿದ್ದಿದ್ದರೆ ಕುಣಿದಾಡಿ ಹೇಳಿಬಿಡುತ್ತಿದ್ದೆ, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವಳಿರಲಿಲ್ಲ. ಹಾಗಾಗಿ ಮಾವನಿಗೆ ಫೋನ್ ಮಾಡಿದೆ.

ಮಾವ ಅಮ್ಮನ ತಮ್ಮ. ನನ್ನ ಕೈಗೆ ಮೊದಲ ರ‍್ಯಾಕೆಟ್ ಕೊಟ್ಟವನೂ ಅವನೇ, ಇವತ್ತಿಗೂ ಕೋಚ್ ಅವನೇ. ನನ್ನ ಮಾತು ಕೇಳಿ ಮೊದಲು ಅವನು ಒಳ್ಳೆಯದಾಯಿತು ಎನ್ನಲಿಲ್ಲ.

"ಯಾರಿಗಾದ್ರೂ ಹೇಳಿದ್ಯಾ?" ಎಂದ.

"ಇಲ್ಲ."

"ಹೇಳ್ಬೇಡ. ಇನ್ನು ಆರು ವಾರ ಸುಮ್ನೆ ಕೂತ್ಕೋ. ಈಗ ಎದ್ದು ಬಂದ್ರೆ ಸೊನ್ನೆಯಿಂದ ಶುರು. ಆರು ವಾರ ತಡೆದ್ರೆ ನೂರ ಮೂವತ್ತೊಂದು ನಿನ್ನ ಜೇಬಲ್ಲಿ. ಇದ್ರಲ್ಲಿ ಯೋಚ್ನೆ ಮಾಡೋದೇನಿದೆ ಮರಿ?"

"ಸುಳ್ಳಾಗಲ್ವಾ ಮಾವ?"

"ಗಾಯ ಸುಳ್ಳಾ? ಆಪರೇಷನ್ ಸುಳ್ಳಾ? ಒಂಚೂರು ನಿಧಾನವಾಗಿ ವಾಸಿಯಾಯ್ತು ಅಂದ್ಕೋ."

ಎಲ್ಲ ಮಾವನ ತಲೆಗೆ ಕಟ್ಟಿ ನಾನು ಕೈ ತೊಳೆದುಕೊಳ್ಳಬಹುದು. ಆದರೆ ಅವನಿಗೆ ಫೋನ್ ಮಾಡುವ ಮೊದಲೇ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ವಾರ ಎಣಿಸಿದವಳು ನಾನೇ. ಅವನು ಹೇಳಿದ್ದು ನಾನು ಕೇಳಬೇಕೆಂದಿದ್ದ ಮಾತನ್ನೇ.

ಫಿಸಿಯೋ ಅಕ್ಕ ವಾರಕ್ಕೊಮ್ಮೆ ಕೈ ನೋಡುತ್ತಿದ್ದಳು. ಆ ವಾರ ಅವಳು ಮಣಿಕಟ್ಟನ್ನು ಹೆಬ್ಬೆರಳಿನಿಂದ ಒತ್ತಿ "ಇಲ್ಲಿ?" ಎಂದಾಗ ಉಸಿರೆಳೆದು "ಆಹ್" ಎಂದೆ. "ಇಲ್ಲಿ?" ಎಂದು ಬೆರಳು ಸರಿಸಿದಳು. "ಅಲ್ಲಿ ಅಷ್ಟಿಲ್ಲ ಅಕ್ಕ" ಎಂದೆ. ಎಲ್ಲ ಕಡೆಯೂ ನೋವು ಎಂದರೆ ಯಾರೂ ನಂಬುವುದಿಲ್ಲ. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ, ತಾನಾಗಿಯೇ ಬಂತು. ಅಕ್ಕ ಮುಖ ಸಣ್ಣದು ಮಾಡಿಕೊಂಡು, ತನ್ನ ಚಿಕಿತ್ಸೆಯಲ್ಲೇ ಏನೋ ತಪ್ಪಿರಬೇಕು ಎಂದು ಹಳೆಯ ಹಾಳೆಗಳನ್ನು ತಿರುವಿ ಹಾಕತೊಡಗಿದಳು. ನಾನು ಗೋಡೆಯ ಮೇಲಿನ ಮೂಳೆಗಳ ಚಿತ್ರ ನೋಡುತ್ತ ಕೂತೆ.

ಇಷ್ಟೇ ಆಗಿದ್ದರೆ ಇದು ರ‍್ಯಾಂಕಿಂಗ್ ನೋಡಿಕೊಳ್ಳುವ ಕಚೇರಿಗೂ ನನಗೂ ನಡುವಿನ ವಿಷಯವಾಗಿ ಮುಗಿಯುತ್ತಿತ್ತು. ಆದರೆ ನಡುವೆ ಗೋಡೆ ಇದ್ದಳು.

ಗೋಡೆ ಎನ್ನುವುದು ಅವಳ ಆಟದ ಹೆಸರು. ಏನು ಹೊಡೆದರೂ ವಾಪಸ್ ಬರುತ್ತದೆ, ಅದಕ್ಕೆ. ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಟೈರ್ ಗೋದಾಮಿನ ಹಿಂದಿನ ನಾಲ್ಕು ಕೋರ್ಟುಗಳಲ್ಲಿ ಹದಿನಾಲ್ಕು ವರ್ಷ ಜೊತೆಗೇ ಅಭ್ಯಾಸ ಮಾಡಿದವರು ನಾವು. ಅವಳಿಗೆ ದೊಡ್ಡ ಹೊಡೆತವಿಲ್ಲ, ಜೋರಾದ ಸರ್ವ್ ಇಲ್ಲ, ಕಾಲು ಮಾತ್ರ ಇದೆ. ರ‍್ಯಾಂಕಿಂಗ್ ಇನ್ನೂರರ ಸುತ್ತ ತಿರುಗುತ್ತಿತ್ತೇ ಹೊರತು ಒಳ್ಳೆಯ ಟೂರ್ನಿಯ ಮುಖ್ಯ ಸುತ್ತಿಗೆ ನೇರವಾಗಿ ಹೋಗುವಷ್ಟು ಎಂದೂ ಏರಲಿಲ್ಲ.

ನನ್ನ ಕೈಗೆ ಪ್ಲಾಸ್ಟರ್ ಹಾಕಿದ ಮರುದಿನ ಬೆಳಗ್ಗೆ ಆರೂವರೆಗೆ ಅವಳು ಬಾಗಿಲು ತಟ್ಟಿದಳು. ನಾನು ಕೆದರಿದ ಕೂದಲಲ್ಲಿ ನಿಂತಿದ್ದೆ. ಒಂದು ಕೈಯಲ್ಲಿ ಜಡೆ ಹಾಕಿಕೊಳ್ಳುವುದು ಹೇಗೆ? ಅಮ್ಮ ಆಗಲೇ ಕೆಲಸಕ್ಕೆ ಹೋಗಿದ್ದಳು.

"ಪ್ರೇತದ ಥರ ಇದೀಯ. ಕೂತ್ಕೋ" ಎಂದಳು ಗೋಡೆ.

ಅವಳದು ಹುಡುಗರಂತೆ ಕತ್ತರಿಸಿದ ಕೂದಲು. ಹುಟ್ಟಿದಾಗಿನಿಂದ ಯಾರಿಗೂ ಜಡೆ ಹಾಕಿದವಳಲ್ಲ. ಮೊದಲ ದಿನದ ಜಡೆ ನೋಡಿ ಮಾವ "ಯಾರಮ್ಮಾ ಇದು, ದನ ಕಟ್ಟೋ ಹಗ್ಗ?" ಎಂದುಬಿಟ್ಟ. ಅವಳು ನಕ್ಕಳು. ಮಾರನೆಯ ದಿನ ಸಂಜೆ ಅವಳ ಅಭ್ಯಾಸ ಮುಗಿದ ಮೇಲೆ ನೋಡುತ್ತೇನೆ, ಮೂರು ಸ್ಕಿಪ್ಪಿಂಗ್ ಹಗ್ಗಗಳನ್ನು ನೆಟ್ಟಿನ ಕಂಬಕ್ಕೆ ಕಟ್ಟಿಕೊಂಡು, ನಾಲಿಗೆಯ ತುದಿ ಕಚ್ಚಿಕೊಂಡು, ಹೆಣೆಯುವುದನ್ನು ಕಲಿಯುತ್ತಿದ್ದಾಳೆ. ಎರಡು ವಾರದಲ್ಲಿ ಅವಳ ಕೈ ಪಳಗಿತು. ಬೈತಲೆಯಂತೂ ಕೋರ್ಟಿನ ಗೆರೆಯಷ್ಟು ನೇರ. ಸೊಟ್ಟಗಾದರೆ ಬಿಚ್ಚಿ ಮೊದಲಿನಿಂದ ತೆಗೆಯುತ್ತಿದ್ದಳು. "ಗೆರೆ ಸೊಟ್ಟ ಇದ್ರೆ ಚೆಂಡು ಒಳಗೋ ಹೊರಗೋ ಹೇಗೆ ಗೊತ್ತಾಗುತ್ತೆ?" ಎನ್ನುತ್ತಿದ್ದಳು.

ನಾನು ಟವೆಲ್ ಹಿಂಡಿ ಸರಿಯಾಗಿ ನಾಲ್ಕು ದಿನ ಕಳೆದಿತ್ತು. ಗೋಡೆ ಬೆಳಗ್ಗೆ ಬಂದು, ಬಾಚಣಿಗೆ ಕೈಗೆತ್ತಿಕೊಂಡು, ನನ್ನ ಬೆನ್ನ ಹಿಂದಿನಿಂದ ಮಾತು ತೆಗೆದಳು.

"ಒಂದು ಕೇಳ್ತೀನಿ, ಆಗಲ್ಲ ಅಂದ್ರೆ ಆಗಲ್ಲ ಅನ್ನು. ಬರೋ ತಿಂಗಳು ಡಬಲ್ಸ್ ಇದೆ. ನಂಗೆ ಜೋಡಿ ಇಲ್ಲ. ನೀನು ಬರೀ ನೆಟ್ಟಿನ ಹತ್ರ ನಿಂತಿರು, ಸಾಕು. ಹಿಂದೆ ಬರೋದೆಲ್ಲ ನಾನು ನೋಡ್ಕೋತೀನಿ. ಜೋಡಿ ಸಿಕ್ಕಿದ್ರೆ ಒಂದೆರಡು ಪಂದ್ಯ ಗೆದ್ದು ಮುಖ ಉಳಿಸ್ಕೋತೀನಿ. ಇಲ್ದಿದ್ರೆ ಈ ವರ್ಷಕ್ಕೇ ಸಾಕು ಅನ್ಸುತ್ತೆ ಕಣೆ. ಸ್ಕೂಲಲ್ಲಿ ಆಟದ ಟೀಚರ್ ಕೆಲ್ಸ ಕೊಡ್ತೀವಿ ಅಂತಿದಾರೆ."

ಕನ್ನಡಿಯಲ್ಲಿ ನನಗೆ ನನ್ನ ಮುಖ ಕಾಣುತ್ತಿತ್ತು, ಅವಳ ಕೈಗಳು ಕಾಣುತ್ತಿದ್ದವು. ಮಣಿಕಟ್ಟಿಗೆ ಸುತ್ತಿಕೊಂಡ ಪಟ್ಟಿಯನ್ನು ನಾನು ಬಲಗೈಯಿಂದ ಮುಟ್ಟಿಕೊಂಡೆ.

"ಇನ್ನೂ ನೋವಿದೆ ಕಣೆ" ಎಂದೆ. ಕಣ್ಣಲ್ಲಿ ನೀರೂ ಬಂತು. ಅದು ನಾಟಕದ ನೀರಲ್ಲ, ನಾಚಿಕೆಯದು. ಅವಳಿಗೆ ಮಾತ್ರ ಅದು ನೋವಿನದಾಗಿ ಕಂಡಿತು.

"ಛೇ, ಅಳ್ತೀಯೇನೇ? ನಂದೇ ತಪ್ಪು, ಕೇಳ್ಬಾರ್ದಿತ್ತು. ತಲೆ ಅಲ್ಲಾಡಿಸ್ಬೇಡ, ಬೈತಲೆ ಹೋಗುತ್ತೆ" ಎಂದಳು.

ಅವಳಿಗೆ ಜೋಡಿ ಸಿಗಲಿಲ್ಲ. ಹೆಸರು ಕೊಡುವ ಕೊನೆಯ ದಿನ ದಾಟಿ ಹೋಯಿತು. ಅದಾದ ಮೇಲೂ ಅವಳು ದಿನಾ ಆರೂವರೆಗೆ ಬಂದಳು, ದಿನಾ ಜಡೆ ಹಾಕಿದಳು. ಎರಡೂ ಗಟ್ಟಿಮುಟ್ಟಾದ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನು ಕೂತಿರುತ್ತಿದ್ದೆ. ಅವಳು ಹೋದ ಮೇಲೆ ಒಳಗಿನಿಂದ ಚಿಲಕ ಹಾಕಿ, ರ‍್ಯಾಕೆಟ್ ಹಿಡಿದು ಕನ್ನಡಿಯ ಮುಂದೆ ಗಾಳಿಯಲ್ಲಿ ಬೀಸುತ್ತಿದ್ದೆ. ಆರು ವಾರ ಹೀಗೇ ನಡೆಯಿತು. ಒಂದು ದಿನವಾದರೂ ನನಗೆ ಊಟ ರುಚಿಸಲಿಲ್ಲ ಎಂದು ಹೇಳಬೇಕೆನಿಸುತ್ತದೆ, ಆದರೆ ಚೆನ್ನಾಗಿಯೇ ತಿಂದೆ.

ಕಾದಿಟ್ಟ ಸ್ಥಾನ ಸಿಕ್ಕಿತು. ಟೂರ್ನಿಯ ಪಟ್ಟಿಯಲ್ಲಿ ನನ್ನ ಹೆಸರಿನ ಪಕ್ಕ ಪಿ.ಆರ್. ಎಂದು, ಅಂದರೆ ಪ್ರೊಟೆಕ್ಟೆಡ್ ರ‍್ಯಾಂಕಿಂಗ್ ಎಂದು, ಎರಡು ಅಕ್ಷರ ಬಿದ್ದವು. ಅದನ್ನು ನೋಡಿದವರೆಲ್ಲ ದನಿ ತಗ್ಗಿಸಿ "ಕೈ ಹೇಗಿದೆ?" ಎಂದು ಕೇಳುತ್ತಿದ್ದರು. ಎಂಟು ಟೂರ್ನಿ ಹೀಗೇ ಆಡಿದೆ. ಆರರಲ್ಲಿ ಮೊದಲ ಸುತ್ತಿನಲ್ಲೇ ಸೋತೆ. ಸೋತಾಗಲೂ ಜನ ಪಾಪ ಎಂದರು. ಆ ಪಾಪ ಎನ್ನುವ ಮಾತು ಕಿವಿಗೆ ಬಿದ್ದಾಗಲೆಲ್ಲ ಭೂಮಿ ಬಾಯಿ ಬಿಡಬಾರದೇ ಎನಿಸುತ್ತಿತ್ತು.

ಒಂಬತ್ತನೆಯದೇ ಕೊನೆಯದು. ಮೂರು ವಾರ ಮೊದಲು ಪಟ್ಟಿ ಬಂತು. ಮುಖ್ಯ ಸುತ್ತಿನ ಕಟ್ಟಕಡೆಯ ಹೆಸರು ನನ್ನದು. ಅದರ ಕೆಳಗೆ ಒಂದು ಗೆರೆ. ಗೆರೆಯ ಕೆಳಗಿನ ಮೊದಲ ಹೆಸರು ಗೋಡೆಯದು. ನನ್ನ ಟವೆಲ್ ಇರುವ ಸೀಟಿನಲ್ಲಿ ಇನ್ನೊಬ್ಬರು ಕೂರುವಂತಿಲ್ಲ, ಅವರು ನಿಂತೇ ಬರಬೇಕು. ಈ ಲೆಕ್ಕ ನನಗೆ ಮೊದಲಿನಿಂದ ಗೊತ್ತಿತ್ತು. ನಿಂತವರ ಮುಖ ಕಂಡದ್ದು ಅವತ್ತು ಮಾತ್ರ.

ಗೋಡೆಯೇ ಫೋನ್ ಮಾಡಿದಳು. "ನೋಡಿದ್ಯಾ? ನೀನು ಒಳಗೆ, ನಾನು ಹೊಸ್ತಿಲಲ್ಲಿ. ಏನೂ ಅಂದ್ಕೋಬೇಡ. ಕೈ ಹರ್ಕೊಂಡು ಸಂಪಾದಿಸಿದ ಸೀಟು ಅದು."

ಗೆರೆಯ ಕೆಳಗಿನವರಿಗೆ ಅರ್ಹತಾ ಸುತ್ತು, ಅದರಲ್ಲಿ ಮೂರು ಪಂದ್ಯ ಗೆದ್ದರೆ ಒಳಗೆ. ಅವಳು ಎರಡು ಪಂದ್ಯ ಗೆದ್ದು, ಮೂರನೆಯದನ್ನು ಕೊನೆಯ ಸೆಟ್ಟಿನಲ್ಲಿ ಏಳು ಐದರಿಂದ ಸೋತಳು. ಹಾಗೆ ಕೊನೆಯ ಹಂತದಲ್ಲಿ ಸೋತವರಿಗೆ ಒಂದು ಸಣ್ಣ ಕಿಂಡಿ ಉಳಿದಿರುತ್ತದೆ. ಒಳಗಿನ ಯಾರಾದರೂ ಪಂದ್ಯ ಶುರುವಾಗುವ ಮೊದಲು ಹಿಂದೆ ಸರಿದರೆ ಇವರಲ್ಲಿ ಮೊದಲಿನವರನ್ನು ಒಳಗೆ ಕರೆಯುತ್ತಾರೆ. ಅಂಥವರಿಗೆ ಲಕ್ಕಿ ಲೂಸರ್ ಎನ್ನುತ್ತಾರೆ. ಸೋತವರನ್ನು ಅದೃಷ್ಟವಂತರು ಎನ್ನುವ ಹುಚ್ಚು ನಮ್ಮ ಆಟಕ್ಕೊಂದೇ ಇರಬೇಕು. ಅದಕ್ಕಾಗಿ ಬೆಳಗ್ಗೆ ಸಹಿ ಹಾಕಿ, ಬಟ್ಟೆ ಬದಲಾಯಿಸಿ, ಬ್ಯಾಗು ಹಿಡಿದು, ಟೂರ್ನಿಯ ಮೇಲ್ವಿಚಾರಕಿಯ ಬಾಗಿಲ ಬಳಿ ಕಾಯಬೇಕು. ಅವತ್ತು ಆ ಹಾಳೆಯಲ್ಲಿ ಮೊದಲ ಹೆಸರು ಅವಳದು.

ಎಂಟೂವರೆಗೆ ನಾನು ಡ್ರೆಸ್ಸಿಂಗ್ ಕೋಣೆಯಲ್ಲಿ ಪಿನ್ನುಗಳನ್ನು ಬಾಯಲ್ಲಿ ಕಚ್ಚಿಕೊಂಡು ಕನ್ನಡಿಯ ಮುಂದೆ ಕೂತಿದ್ದೆ. ಗೋಡೆ ಒಳಗೆ ಬಂದು ನನ್ನ ಕೈಯಿಂದ ಬಾಚಣಿಗೆ ಕಿತ್ತುಕೊಂಡಳು.

"ಸರಿ, ಕೊಡಿಲ್ಲಿ. ಕೊನೇ ಸಲದ ಸೀಟು, ನನ್ನ ಕೈಯ ಜಡೆನೇ ಇರ್ಲಿ."

"ನೀನು ಅಲ್ಲಿ ಕಾಯ್ಬೇಕಲ್ವೇನೇ?"

"ಕಾಯೋದಿದ್ದೇ ಇದೆ. ಅಲ್ಲಿ ಕೂತವರೆಲ್ಲ ಯಾರ ಕಾಲು ಉಳುಕುತ್ತೋ, ಯಾರಿಗೆ ಜ್ವರ ಬರುತ್ತೋ ಅಂತ ಮನಸ್ಸಲ್ಲೇ ಬೇಡ್ಕೋತಾ ಇದಾರೆ. ನಾನೂ ಬೇಡ್ಕೊಂಡೆ, ಸುಳ್ಯಾಕೆ ಹೇಳ್ಲಿ. ಆದ್ರೆ ಎಡಚಿ ಕೈ ಒಂದು ಬಿಟ್ಟು ಅಂತ ಮೊದ್ಲೇ ಹೇಳಿದೀನಿ." ಅವಳು ಪಿನ್ನು ಚುಚ್ಚಿ, ನನ್ನ ತಲೆಯ ಮೇಲೆ ಮೆಲ್ಲಗೆ ಮೊಟಕಿದಳು. "ಇವತ್ತು ಆಗ್ಲಿಲ್ಲ ಅಂದ್ರೆ ಸೋಮವಾರ ಸ್ಕೂಲಿಗೆ ಹೋಗಿ ಸೇರ್ಕೋತೀನಿ. ಸೀಟಿ ಊದ್ಕೊಂಡು ಇರ್ತೀನಿ. ಹೋಗು, ಚೆನ್ನಾಗಿ ಆಡು."

ಅವಳು ಹೋದ ಮೇಲೆ ನನಗೆ ಅಲ್ಲಿ ಕೂರಲು ಆಗಲಿಲ್ಲ.

ಟೂರ್ನಿಯ ಮೇಲ್ವಿಚಾರಕಿಯ ಕೋಣೆಗೆ ಹಿಂಬಾಗಿಲಿಂದ ಹೋದೆ. ಮುಂದಿನ ಬಾಗಿಲಲ್ಲಿ ಗೋಡೆ ಕೂತಿದ್ದಳು. ಮೇಲ್ವಿಚಾರಕಿ ಕನ್ನಡಕಕ್ಕೆ ದಾರ ಕಟ್ಟಿಕೊಂಡ ಹೆಂಗಸು, ಎರಡು ಫೋನುಗಳ ನಡುವೆ ತಿಂಡಿ ತಿನ್ನುತ್ತಿದ್ದಳು.

"ನಾನು ಇವತ್ತು ಆಡಲ್ಲ" ಎಂದೆ.

"ಕಾರಣ?"

ಇಲ್ಲಿ ನಿಜ ಹೇಳಬಹುದಿತ್ತು. ಈ ಸೀಟು ನನ್ನದಲ್ಲ, ಸುಳ್ಳು ಹೇಳಿ ಪಡೆದದ್ದು ಎಂದು ಎರಡು ವಾಕ್ಯದಲ್ಲಿ ಮುಗಿಯುತ್ತಿತ್ತು. ಬಾಯಿ ತೆರೆದೆ. ಆಕೆ ಕನ್ನಡಕದ ಮೇಲಿಂದ ನೋಡಿದಳು. "ಗಾಯ, ಕಾಯಿಲೆ ಆದ್ರೆ ಡಾಕ್ಟರ್ ನೋಡ್ತಾರೆ. ಸುಮ್ನೆ ಮನಸ್ಸಿಲ್ಲ ಅಂದ್ರೆ ದಂಡ, ನೋಟಿಸು, ವಿಚಾರಣೆ ಎಲ್ಲ ಇದೆ. ಯಾವ್ದು ಹೇಳಿ."

"ಕೈ" ಎಂದೆ. "ಎಡಗೈ."

ಪಕ್ಕದ ಕೋಣೆಯಲ್ಲಿ ಡಾಕ್ಟರ್ ಮಣಿಕಟ್ಟನ್ನು ಒತ್ತಿದರು. "ಇಲ್ಲಿ?" "ಆಹ್." "ಇಲ್ಲಿ?" "ಅಲ್ಲಿ ಅಷ್ಟಿಲ್ಲ ಡಾಕ್ಟ್ರೇ." ಒಂದು ಅಕ್ಷರವೂ ಬದಲಾಗಲಿಲ್ಲ. ಸುಳ್ಳು ಹೇಳಿ ಕಿತ್ತುಕೊಂಡದ್ದನ್ನು ಅದೇ ಸುಳ್ಳು ಹೇಳಿ ಹಿಂದಿರುಗಿಸುತ್ತಿದ್ದೆ. ಮಾಡಿದ ಒಂದು ಒಳ್ಳೆಯ ಕೆಲಸವನ್ನೂ ನೆಟ್ಟಗೆ ಮಾಡುವ ಧೈರ್ಯ ನನಗಿರಲಿಲ್ಲ. ಡಾಕ್ಟರ್ ಚೀಟಿ ಬರೆದು, ಐಸಿನ ಚೀಲ ಕಟ್ಟಿ ಕಳಿಸಿದರು.

"ಬೇಜಾರ್ ಮಾಡ್ಕೋಬೇಡಿ" ಎಂದಳು ಮೇಲ್ವಿಚಾರಕಿ, ಈಗ ದನಿ ಮೃದುವಾಗಿತ್ತು. "ಕೋರ್ಟಿಗೆ ಇಳಿದಿಲ್ಲವಲ್ಲ, ಇದು ಲೆಕ್ಕಕ್ಕೆ ಬರಲ್ಲ. ಒಂಬತ್ತನೇದು ನಿಮಗೆ ಹಾಗೇ ಉಳಿಯುತ್ತೆ."

ನನಗೆ ಅದೂ ಗೊತ್ತಿರಲಿಲ್ಲ. ಬಿಟ್ಟುಕೊಟ್ಟೆ ಎಂದುಕೊಂಡದ್ದು ಜೇಬಿನಲ್ಲೇ ಉಳಿದಿತ್ತು.

ಗೋಡೆಯ ಹೆಸರು ಕೂಗಿದರು. ಅವಳು ಖುಷಿಯಿಂದ ಕುಣಿಯುತ್ತಾಳೆ ಎಂದುಕೊಂಡಿದ್ದೆ. ಯಾರ ಜಾಗ ಎಂದು ಕೇಳಿದವಳೇ ಬ್ಯಾಗು ಅಲ್ಲೇ ಬಿಟ್ಟು ನನ್ನ ಹತ್ತಿರ ಓಡಿ ಬಂದಳು.

"ಏನಾಯ್ತೇ? ಮತ್ತೆ ಹೋಯ್ತಾ? ಈಗಷ್ಟೇ ಚೆನ್ನಾಗಿದ್ಯಲ್ಲ!" ಅವಳ ಕಣ್ಣು ತುಂಬಿತ್ತು. "ನಾನು ಬೇಡ್ಕೊಂಡಿದ್ದಕ್ಕೇ ಹೀಗಾಯ್ತೇನೋ. ನಿನ್ನ ಬಿಟ್ಟು ಅಂತ ಹೇಳಿದ್ನಲ್ಲೇ!"

"ಹೋಗು, ನಿನ್ನ ಪಂದ್ಯ ಇದೆ" ಎಂದಷ್ಟೇ ನನಗೆ ಹೇಳಲು ಆದದ್ದು. ಅವಳು ನನ್ನ ಬಲಗೈಯಿಂದ ಬೆವರುಪಟ್ಟಿಯನ್ನು ಎಳೆದು ತನ್ನ ಕೈಗೆ ಹಾಕಿಕೊಂಡು ಹೋದಳು.

ಎರಡು ಗಂಟೆ ನಲವತ್ತು ನಿಮಿಷ ಆಡಿದಳು. ಎದುರಿನ ಹುಡುಗಿ ಹತ್ತೊಂಬತ್ತರವಳು, ಬಂದೂಕಿನಂತೆ ಹೊಡೆಯುತ್ತಿದ್ದಳು. ಗೋಡೆ ಗೋಡೆಯೇ ಆದಳು. ಕೊನೆಯ ಚೆಂಡು ಆ ಹುಡುಗಿಯ ರ‍್ಯಾಕೆಟ್ಟಿನ ಅಂಚಿಗೆ ತಾಗಿ ಬೇಲಿಯಾಚೆ ಹಾರಿದಾಗ, ನಾನು ಐಸಿನ ಚೀಲವನ್ನು ಮರೆತು ಎರಡೂ ಕೈ ಬಡಿದೆ. ಪಕ್ಕದವರು ನೋಡುತ್ತಿದ್ದಾರೆ ಎನಿಸಿ ಎಡಗೈಯನ್ನು ಮತ್ತೆ ಮಡಿಲಿಗೆ ಇಳಿಸಿದೆ. ಮುಖ್ಯ ಸುತ್ತಿನಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ಅದು ಅವಳ ಮೊದಲ ಗೆಲುವು.

ಮೈಕ್ ಹಿಡಿದವನು ಕೋರ್ಟಿಗೆ ಬಂದು ಏನನಿಸುತ್ತದೆ ಎಂದು ಕೇಳಿದ. ಅವಳು ಏದುಸಿರು ಬಿಡುತ್ತ ಬೆವರುಪಟ್ಟಿ ಎತ್ತಿ ತೋರಿಸಿದಳು. "ಇದು ನನ್ನ ಸೀಟಲ್ಲ. ಅಲ್ಲಿ ಕೂತಿದಾಳಲ್ಲ, ಅವಳದು. ಅವಳಷ್ಟು ನೋವು ತಿಂದವರು ಯಾರೂ ಇಲ್ಲ. ದಯವಿಟ್ಟು ಅವಳಿಗೆ ಚಪ್ಪಾಳೆ ತಟ್ಟಿ."

ಇನ್ನೂರು ಮುನ್ನೂರು ಜನ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನ ಅಜ್ಜಿಯೊಬ್ಬರು ನನ್ನ ಭುಜ ಸವರಿದರು. ಐಸು ಕರಗಿ ನೀರು ಮೊಣಕೈವರೆಗೂ ಹರಿಯುತ್ತಿತ್ತು. ಅಷ್ಟು ಹೊತ್ತು ಐಸು ಇಟ್ಟುಕೊಂಡು ಆ ಕೈ ಈಗ ನಿಜವಾಗಿಯೂ ನೋಯುತ್ತಿತ್ತು. ಯಾರಾದರೂ ಕೆನ್ನೆಗೆ ಬಾರಿಸಿದ್ದರೆ ಆ ಚಪ್ಪಾಳೆಗಿಂತ ಎಷ್ಟೋ ವಾಸಿಯಿತ್ತು.

ಡ್ರೆಸ್ಸಿಂಗ್ ಕೋಣೆಯಲ್ಲಿ ಅವಳು ಬೂಟು ಬಿಚ್ಚುತ್ತಿದ್ದಳು. ನಾನು ಬಾಗಿಲು ಹಾಕಿ, ಐಸಿನ ಚೀಲವನ್ನು ಬೇಸಿನ್ನಿನಲ್ಲಿಟ್ಟು, ಒದ್ದೆ ಪಟ್ಟಿ ಬಿಚ್ಚಿದೆ. ಅವಳ ಟವೆಲ್ ನೀರಿನಲ್ಲಿ ಅದ್ದಿ ಎರಡೂ ಕೈಯಿಂದ ಹಿಂಡಿ ತೋರಿಸಿದೆ. ಆಮೇಲೆ ಎಲ್ಲವನ್ನೂ ಹೇಳಿದೆ.

ಮುಗಿದ ಮೇಲೆ ಅವಳು ಮೊದಲು ಕೇಳಿದ್ದು ಇದನ್ನು.

"ಡಬಲ್ಸ್ ಕೇಳೋಕೆ ಬಂದಾಗ?"

"ವಾಸಿಯಾಗಿತ್ತು."

ಅವಳು ಇನ್ನೊಂದು ಬೂಟಿನ ದಾರ ಬಿಚ್ಚಿದಳು. "ಅದು ಬಿಡು" ಎಂದಳು. "ಆರು ವಾರಕ್ಕೆ ನೂರ ಮೂವತ್ತೊಂದು ಸಿಗುತ್ತೆ ಅಂದ್ರೆ ನಾನಾಗಿದ್ರೂ ಏನ್ಮಾಡ್ತಿದ್ನೋ ಯಾರಿಗೆ ಗೊತ್ತು. ಆಟ ಅದು."

ನನಗೆ ಉಸಿರು ಬಂತು. ಇಷ್ಟೇನಾ ಎನಿಸಿತು. ಅವಳು ಟವೆಲ್ ಮಡಚಿ ಬ್ಯಾಗಿಗೆ ಹಾಕಲು ಹೋದವಳು ಅರ್ಧಕ್ಕೇ ನಿಂತಳು.

"ಹಾಗಾದ್ರೆ ಜಡೆ?"

ನನ್ನ ಕೈ ತಾನಾಗಿಯೇ ಜಡೆಯ ಮೇಲೆ ಹೋಯಿತು.

"ಆ ಆರು ವಾರ. ನೀನೇ ಹಾಕ್ಕೋಬಹುದಿತ್ತಾ?"

"ಹೂಂ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಹಗ್ಗ ಕಟ್ಕೊಂಡು ಕಲ್ತೆ ಕಣೆ ನಾನು" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯಿತ್ತು. ನಾನು ಪಡಬೇಕಾದ ನಾಚಿಕೆಯನ್ನು ಅವಳು ಪಡುತ್ತಿದ್ದಳು, ಮೋಸ ಹೋದದ್ದು ತನ್ನದೇ ಪೆದ್ದುತನವೇನೋ ಎಂಬಂತೆ. ಬೆವರುಪಟ್ಟಿ ಕಳಚಿ ಬೆಂಚಿನ ಮೇಲಿಟ್ಟಳು. ಬಾಗಿಲ ಬಳಿ ಹೋಗಿ ಹೇಳಿದಳು, "ನಾಳೆ ನಂದು ಪಂದ್ಯ ಇದೆ. ನಾಳೆ ಸಂಜೆ ಹೇಳ್ಬಹುದಿತ್ತು. ಇದನ್ನೂ ನಿನ್ನ ಅನುಕೂಲಕ್ಕೇ ಹೇಳಿದೆ."

ಮರುದಿನ ಅವಳು ಆರು ಒಂದು, ಆರು ಎರಡರಿಂದ ಸೋತಳು. ಎದುರಾಳಿ ದೊಡ್ಡ ಆಟಗಾರ್ತಿ, ಹೇಗೂ ಸೋಲುತ್ತಿದ್ದಳು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗೆ ಹೇಳಿಕೊಳ್ಳಲು ಇಂದಿಗೂ ಬಾಯಿ ಬರುವುದಿಲ್ಲ.

ಮಾವ ಫೋನಿನಲ್ಲಿ ಹಿಗ್ಗಿ ಹೀರೇಕಾಯಿಯಾಗಿದ್ದ. "ಜಾಣೆ! ಒಂಬತ್ತನೇದು ಉಳಿಸ್ಕೊಂಡ್ಯಲ್ಲ. ಮುಂದಿನ ತಿಂಗಳಿಂದು ದೊಡ್ಡ ಟೂರ್ನಿ, ಅದಕ್ಕೆ ಹಾಕೋಣ."

ನಾನು ಆಗಲೇ ರ‍್ಯಾಂಕಿಂಗ್ ಕಚೇರಿಗೆ ಕಾಗದ ಬರೆದಾಗಿತ್ತು. ನಾಲ್ಕೂವರೆ ತಿಂಗಳಿಗೇ ಕೈ ವಾಸಿಯಾಗಿತ್ತು, ಫಿಸಿಯೋಗೂ ಡಾಕ್ಟರಿಗೂ ನಾನು ಸುಳ್ಳು ಹೇಳಿದೆ, ಅವರ ತಪ್ಪಿಲ್ಲ, ಉಳಿದದ್ದು ನನಗೆ ಬೇಡ, ಇಷ್ಟೇ. ಅದನ್ನು ಕೇಳಿ ಮಾವ "ಊರಿಗೆಲ್ಲ ಡಂಗುರ ಹೊಡೆಯೋ ಚಟ ಯಾವಾಗಿಂದ ಶುರುವಾಯ್ತು?" ಎಂದು ಫೋನ್ ಇಟ್ಟವನು ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟ. ಕಚೇರಿಯಿಂದ ಉತ್ತರ ಬಂತು. ನಾಲ್ಕು ತಿಂಗಳು ಆಡುವಂತಿಲ್ಲ. ಫಿಸಿಯೋ ಅಕ್ಕನ ಕೋಣೆಗೆ ಹೋಗಿ ಖುದ್ದಾಗಿ ಹೇಳಿ ಬಂದೆ. ಅವಳು ಕೇಳಿಸಿಕೊಂಡು, "ಆ ವಾರಗಳಲ್ಲಿ ನಾನು ಎಷ್ಟು ಪುಸ್ತಕ ಓದಿದೆ ಗೊತ್ತಾ?" ಎಂದಷ್ಟೇ ಅಂದಳು. ಅಮ್ಮ, ಗೋಡೆ ಯಾಕೆ ಬರುತ್ತಿಲ್ಲ ಎಂದು ಮಾತ್ರ ಆಗಾಗ ಕೇಳುತ್ತಿದ್ದಳು.

ನಾಲ್ಕು ತಿಂಗಳ ನಂತರ ನನ್ನ ರ‍್ಯಾಂಕಿಂಗ್ ಆರುನೂರರ ಮೇಲೆ. ಮೊದಲ ಟೂರ್ನಿ ಒಂದು ಸಣ್ಣ ಕ್ಲಬ್ಬಿನಲ್ಲಿ, ಅದೂ ಅರ್ಹತಾ ಸುತ್ತು. ಚೆಂಡು ಹೆಕ್ಕಲೂ ನಾವೇ, ಪಾಯಿಂಟ್ ಕೂಗಲೂ ನಾವೇ. ಹೆಂಗಸರ ಡ್ರೆಸ್ಸಿಂಗ್ ಕೋಣೆ ಎಂದರೆ ಒಂದು ಬೆಂಚು, ಒಂದು ನಲ್ಲಿ, ಮೂಲೆ ಒಡೆದ ಒಂದು ಕನ್ನಡಿ. ಬೆಳಗ್ಗೆ ಎಂಟಕ್ಕೆ ನಾನು ಅದರ ಮುಂದೆ ನಿಂತು ಜಡೆ ಹೆಣೆಯುತ್ತಿದ್ದೆ.

ಕನ್ನಡಿಯಲ್ಲಿ ಬಾಗಿಲು ತೆರೆದುಕೊಂಡಿತು. ಗೋಡೆ. ಈ ಟೂರ್ನಿಯಲ್ಲಿ ಅವಳೇ ಮೊದಲ ಶ್ರೇಯಾಂಕದವಳು ಎಂದು ಹಿಂದಿನ ದಿನವೇ ನೋಡಿದ್ದೆ. ಆ ಒಂದು ಗೆಲುವಿನ ಅಂಕದಿಂದ ಅವಳು ಸ್ಕೂಲಿಗೆ ಸೇರುವುದನ್ನು ಒಂದು ವರ್ಷ ಮುಂದೆ ಹಾಕಿದ್ದಳಂತೆ. ಅವಳು ಒಳಗೆ ಬಂದು, ನನ್ನತ್ತ ನೋಡದೆ, ನಲ್ಲಿಯಲ್ಲಿ ಬಾಟಲಿ ತುಂಬಿಸಿದಳು. ಬಾಟಲಿ ಸಣ್ಣದು, ತುಂಬಲು ಮಾತ್ರ ಬಹಳ ಹೊತ್ತಾಯಿತು. ಹೇಗಿದ್ದೀಯ ಎಂದು ಕೇಳುವ ಮುಖ ನನಗೆಲ್ಲಿತ್ತು?

ಮುಚ್ಚಳ ತಿರುಗಿಸಿ ಅವಳು ಬಾಗಿಲಿನವರೆಗೆ ಹೋದಳು. ಅಲ್ಲಿ ನಿಂತು ನನ್ನ ತಲೆಯನ್ನು ಒಮ್ಮೆ ನೋಡಿದಳು.

"ಬೈತಲೆ ಸೊಟ್ಟ" ಎಂದಳು. ಹೋದಳು.

ನನ್ನ ಪಂದ್ಯಕ್ಕೆ ಹತ್ತು ನಿಮಿಷವೂ ಇರಲಿಲ್ಲ. ಜಡೆಯನ್ನು ಪೂರ್ತಿ ಬಿಚ್ಚಿದೆ. ಕಣ್ಣು ಮಂಜಾಗಿ ಕನ್ನಡಿ ಸರಿಯಾಗಿ ಕಾಣುತ್ತಿರಲಿಲ್ಲ. ಒರೆಸಿಕೊಂಡು, ಹಣೆಯಿಂದ ನೇರ ಗೆರೆ ತೆಗೆದು, ಮೊದಲಿನಿಂದ ಹೆಣೆದುಕೊಂಡೆ. ಎರಡೂ ಕೈಯಿಂದ.